ಎಲೆ ಬುಟ್ಟಿಯಲ್ಲಿ ಮೂರು ಸಾವಿರ ಜೋಡಿ ನಕ್ಷತ್ರ

ಈ ಪ್ರಕರಣದಲ್ಲಿ ಹೊಣೆ ಯಾರದು ಎಂಬ ಪ್ರಶ್ನೆಯನ್ನು ಎತ್ತಿದವಳು ನಾನೇ. ಶಿಗ್ಗಾವಿಯ ಬಸ್ ನಿಲ್ದಾಣದಲ್ಲಿ ಎತ್ತಿದೆ, ಹಾನಗಲ್ಲಿನ ಎಲೆ ಅಂಗಡಿಯಲ್ಲಿ ಎತ್ತಿದೆ, ಸವಣೂರಿನ ಎಲೆ ಪೇಟೆಯಲ್ಲಿ ಹದಿನಾಲ್ಕು ಮಂದಿ ಹೆಂಗಸರ ಎದುರು ನಿಂತು ಗಟ್ಟಿ ದನಿಯಲ್ಲಿ ಎತ್ತಿದೆ. ಪ್ರಶ್ನೆ ಎತ್ತುವುದು ನನಗೆ ಆ ವಯಸ್ಸಿನಲ್ಲಿ ಉಸಿರಾಟದಷ್ಟೇ ಸಹಜವಾಗಿತ್ತು. ಉತ್ತರ ಬಂದಾಗ ಏನು ಮಾಡಬೇಕೆಂಬುದನ್ನು ಮಾತ್ರ ಯಾವ ತರಗತಿಯಲ್ಲೂ ಕಲಿಸಿರಲಿಲ್ಲ.

ಅವು ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಧಾರವಾಡದಲ್ಲಿ ಭೌತಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದೆ. ಆಕಾಶದಲ್ಲಿ ಒಂದೇ ಚುಕ್ಕೆಯಾಗಿ ಕಾಣುವ ನಕ್ಷತ್ರಗಳಲ್ಲಿ ಎಷ್ಟೋ ಜೋಡಿಗಳಿರುತ್ತವೆ. ಎರಡು ನಕ್ಷತ್ರಗಳು ಒಂದನ್ನೊಂದು ಸುತ್ತುತ್ತಿರುತ್ತವೆ. ಎರಡರಲ್ಲಿ ದೊಡ್ಡದು ತನ್ನ ಇಂಧನವನ್ನು ದುಂದು ಮಾಡಿ ಬೇಗ ಮುಗಿಸುತ್ತದೆ, ಹೊರಗಿನ ಹೊದಿಕೆಯನ್ನು ಕಳಚಿ ಎಸೆಯುತ್ತದೆ, ಕಡೆಗೆ ಒಳಗಿನ ಬಿಸಿ ತಿರುಳೊಂದೇ ಉಳಿಯುತ್ತದೆ. ಗಾತ್ರದಲ್ಲಿ ಭೂಮಿಯಷ್ಟು, ತೂಕದಲ್ಲಿ ಸೂರ್ಯನಿಗೆ ಸಮೀಪ. ಅದೇ ಶ್ವೇತ ಕುಬ್ಜ. ಇಂಥ ಕುಬ್ಜವಿರುವ ಜೋಡಿಗಳು ಎಷ್ಟಿರಬಹುದು ಎಂಬುದು ನನ್ನ ಪ್ರಬಂಧದ ಪ್ರಶ್ನೆ. ದೂರದರ್ಶಕ ಹಿಡಿದು ಎಣಿಸುವಂತಿಲ್ಲ, ಏಕೆಂದರೆ ಪಕ್ಕದ ಸಂಗಾತಿಯ ಝಗಝಗದಲ್ಲಿ ಕುಬ್ಜ ಅಡಗಿರುತ್ತದೆ. ಆದ್ದರಿಂದ ನಾವು ಗಣಕಯಂತ್ರದೊಳಗೆ ಒಂದು ಸುಳ್ಳು ಆಕಾಶವನ್ನೇ ಹುಟ್ಟಿಸುತ್ತಿದ್ದೆವು. ಯಂತ್ರವು ದಾಳ ಎಸೆದಂತೆ ಪ್ರತಿ ಜೋಡಿಗೂ ಎರಡು ತೂಕಗಳನ್ನೂ ನಡುವಿನ ಒಂದು ಅಂತರವನ್ನೂ ಆರಿಸುತ್ತಿತ್ತು, ಕೋಟಿಗಟ್ಟಲೆ ವರ್ಷಗಳನ್ನು ಅವುಗಳ ಮೇಲೆ ಓಡಿಸುತ್ತಿತ್ತು, ಕೊನೆಗೆ ಆ ಜೋಡಿ ಏನಾಯಿತೆಂಬುದನ್ನು ಒಂದು ದಪ್ಪ ಕಾಗದದ ಕಾರ್ಡಿನಲ್ಲಿ ತೂತುಗಳಾಗಿ ಕೊರೆದು ಉಗುಳುತ್ತಿತ್ತು. ಜೋಡಿಗೊಂದು ಕಾರ್ಡು. ನನ್ನವು ಮೂರು ಸಾವಿರ.

ಇನ್ನು ಉಳಿದದ್ದು ಆ ಕಾರ್ಡುಗಳನ್ನು ಮತ್ತೆ ಯಂತ್ರಕ್ಕೆ ಉಣಿಸಿ ಎಣಿಕೆ ತೆಗೆಯುವುದೊಂದೇ. ದೀಪಾವಳಿ ಕಳೆದ ಮೊದಲ ಶನಿವಾರ, ಬೆಳಗಿನ ಹನ್ನೊಂದರಿಂದ ಹನ್ನೆರಡರವರೆಗೆ ಗಣಕಯಂತ್ರ ನನ್ನದು ಎಂದು ಪಟ್ಟಿಯಲ್ಲಿ ಬರೆದಿತ್ತು. ಆ ಗಂಟೆ ತಪ್ಪಿದರೆ ಮುಂದಿನ ಸರದಿ ಮೂರು ತಿಂಗಳ ಬಳಿಕ. ನನ್ನ ಸಂಶೋಧನೆಯ ಅವಧಿ ಮುಗಿಯುವುದು ಎರಡು ತಿಂಗಳಿಗೆ. ಕಾರ್ಡುಗಳು ಆ ಹೊತ್ತಿಗೆ ಧಾರವಾಡದಲ್ಲಿ ಇಲ್ಲದಿದ್ದರೆ ನಾನು ಪದವಿಯಿಲ್ಲದೆ ನನ್ನ ಹಳ್ಳಿ ದುಂಡಸಿಗೆ ಮರಳಿ, ನನ್ನ ಭಾಷಣಗಳನ್ನು ಎಮ್ಮೆಗಳಿಗೆ ಮಾಡಬೇಕಾಗಿತ್ತು.

ಹಬ್ಬದ ರಜೆಗೆ ಕಾರ್ಡುಗಳನ್ನು ದುಂಡಸಿಯ ಮನೆಗೆ ಒಯ್ದಿದ್ದೆ. ಯಂತ್ರದ ಎಣಿಕೆಯನ್ನು ಕೈ ಎಣಿಕೆಯೊಂದಿಗೆ ತಾಳೆ ನೋಡಬೇಕೆಂದು ಮಾರ್ಗದರ್ಶಕರ ಆಜ್ಞೆಯಿತ್ತು. ಅದಕ್ಕಾಗಿ ಪಡಸಾಲೆಯಲ್ಲಿ ಕುಳಿತು, ಕಾರ್ಡಿನ ಮೇಲಂಚಿನಲ್ಲಿ ಅಚ್ಚಾದ ಅಂಕಿಗಳನ್ನು ಓದುತ್ತ, ಶ್ವೇತ ಕುಬ್ಜವಿದ್ದ ಪ್ರತಿಯೊಂದರ ಅಂಚಿಗೂ ಕೆಂಪು ಪೆನ್ಸಿಲಿನಿಂದ ಒಂದು ಚುಕ್ಕೆ ಇಡುತ್ತಿದ್ದೆ. ಅವ್ವ ಕರಿಗಡುಬಿನ ಹಿಟ್ಟು ನಾದುತ್ತ ನೋಡಿದಳು.

"ಆ ಕೆಂಪು ಹಚ್ಚಿದ್ದು ಯಾವು?"

"ಜೋಡಿಯೊಳಗ ಒಂದು ಚಿಕ್ಕಿ ಉರದು ಮುಗದದ್ದು, ಅವ್ವಾ."

"ಹಬ್ಬದ ದಿನಾ ಕುಂತು ಸತ್ತದ್ದನ್ನ ಎಣಸಾಕತ್ತೀ. ಬ್ಯಾರೆ ಕೆಲಸಾ ಕೊಡಲಿಲ್ಲೇನು ನಿನಗ ಅಲ್ಲೆ?"

"ಸತ್ತಿಲ್ಲವ್ವಾ, ಇನ್ನ ಬಿಸಿ ಅದಾವು."

"ಬಿಸಿ ಅದಾವಂದ್ರ ಅದಾವು. ಸುಮ್ಮನ ಬದುಕಿದ್ದವಕ್ಕ ಗುರುತು ಹಾಕಬ್ಯಾಡ."

ವೈಜ್ಞಾನಿಕವಾಗಿ ಇದು ತೀರ ಅಸಂಬದ್ಧ ಟೀಕೆಯಲ್ಲ. ಆದರೆ ನಾನು ಆಗ ಟೀಕೆ ಮಾಡುವ ಪಕ್ಷದಲ್ಲಿದ್ದೆ, ಕೇಳುವ ಪಕ್ಷದಲ್ಲಿರಲಿಲ್ಲ.

ಕಾರ್ಡುಗಳಿದ್ದ ರಟ್ಟಿನ ಪೆಟ್ಟಿಗೆಯ ತಳ ಒಡೆದಿತ್ತು. ಅವ್ವ ಅಟ್ಟದಿಂದ ಒಂದು ಎಲೆ ಬುಟ್ಟಿಯನ್ನು ಇಳಿಸಿದಳು; ವೀಳ್ಯದೆಲೆ ಸಾಗಿಸುವ ದುಂಡನೆಯ ಬಿದಿರು ಬುಟ್ಟಿ. ಒಳಗೆ ಒಣ ಬಾಳೆಯೆಲೆ ಹಾಸಿ, ತಳದಲ್ಲಿ ಒಂದು ಬೇರೆ ಗಂಟು ಇಟ್ಟೆವು. ಅದರಲ್ಲಿದ್ದುದು ಮೊದಲ ಪ್ರಯತ್ನದ ಐದುನೂರು ಕಾರ್ಡು. ಆ ಸಲ ನಾನು ವಿಶ್ವದ ವಯಸ್ಸನ್ನು ತಪ್ಪಾಗಿ ತೀರ ಕಡಿಮೆ ಬರೆದಿದ್ದರಿಂದ ಒಂದು ನಕ್ಷತ್ರಕ್ಕೂ ಉರಿದು ಮುಗಿಯಲು ಸಮಯ ಸಿಕ್ಕಿರಲಿಲ್ಲ. ಅವುಗಳ ಅಂಚಿಗೆ ನೀಲಿ ಗೆರೆಯಿತ್ತು. ಆ ಗಂಟಿನ ಮೇಲೆ ನಿಜವಾದ ಮೂರು ಸಾವಿರವನ್ನು ಜೋಡಿಸಿ, ಬಾಯಿಗೆ ಗೋಣಿತಟ್ಟು ಹಾಕಿ ಹೊಲಿದೆವು.

"ಮ್ಯಾಲ ಹೆಸರು ಬರಿ," ಎಂದಳು ಅವ್ವ.

"ನನ್ನ ಕೈಯಾಗ ಇರ್ತೈತಲ್ಲ, ಯಾಕ ಬೇಕು?" ಎಂದೆ.

ಗುರುವಾರ ಶಿಗ್ಗಾವಿಯಲ್ಲಿ ಇಳಿದು ಧಾರವಾಡದ ಬಸ್ಸು ಹಿಡಿಯಬೇಕಾಗಿತ್ತು. ದುಂಡಸಿಯ ಬಸ್ಸು ಮುಕ್ಕಾಲು ಗಂಟೆ ತಡವಾಗಿ ಬಂದಿತ್ತು. ಈ ತಡಕ್ಕೆ ಲಿಖಿತ ಕಾರಣ ಕೇಳದೆ ಮುಂದೆ ಹೋಗುವುದು ನಾಗರಿಕಳಾಗಿ ನನಗೆ ಸಾಧ್ಯವಿರಲಿಲ್ಲ. ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು, ನಿಲ್ದಾಣದ ಕಂಟ್ರೋಲರ ಕೋಣೆಗೆ ಹೋಗಿ, ದೂರು ಪುಸ್ತಕವನ್ನು ಕೇಳಿ ಪಡೆದು, ಎರಡೂವರೆ ಪುಟ ಬರೆದೆ. ಸಾರ್ವಜನಿಕ ಸೇವೆಯಲ್ಲಿ ಉತ್ತರದಾಯಿತ್ವ ಎಂಬ ಪದವನ್ನು ನಾಲ್ಕು ಬಾರಿ ಬಳಸಿದ್ದು ನೆನಪಿದೆ. ಹೊರಗೆ ಬಂದಾಗ ಕಟ್ಟೆ ಖಾಲಿಯಾಗಿತ್ತು. ನಾನು ಮತ್ತೆ ಒಳಗೆ ಹೋದೆ. ಕಂಟ್ರೋಲರು ಇನ್ನೂ ನನ್ನ ಮೊದಲ ಪುಟವನ್ನೇ ಓದುತ್ತಿದ್ದರು.

"ನನ್ನ ಬುಟ್ಟಿ ಹೋಗೈತ್ರಿ."

"ಏನಿತ್ರಿ ಅದರಾಗ?"

"ಮೂರು ಸಾವಿರ ಜೋಡಿ ನಕ್ಷತ್ರ."

ಅವರು ಪುಸ್ತಕವನ್ನು ಮೆಲ್ಲಗೆ ಮುಚ್ಚಿದರು. "ಬುಟ್ಟಿ ಎಂಥಾದ್ದು?"

"ಎಲಿ ಬುಟ್ಟಿ."

"ಅದನ್ನ ಮೊದಲ ಹೇಳಬೇಕಿಲ್ಲೇನ್ರಿ ಬಾಯಾರ. ಕಟ್ಟಿ ಮ್ಯಾಲಿನ ಎಲಿ ಬುಟ್ಟಿ ಎಲ್ಲಾ ಹಾನಗಲ್ ಬಸ್ಸಿಗೆ ಏರಸ್ತಾರ. ಅಲ್ಲಿ ಅಂಗಡ್ಯಾಂವ ಇಳಿಸ್ಕೊಂತಾನ. ನೀವು ಇಲ್ಲೆ ನನಗ ಉತ್ತರದಾಯಿತ್ವ ಕಲಸಾಕತ್ತಿದ್ರಿ, ಅಲ್ಲೆ ಬಸ್ಸು ಹೋತು."

"ಇದರ ಹೊಣಿ ಯಾರದು?"

"ಬುಟ್ಟಿ ಮ್ಯಾಲ ಹೆಸರು ಯಾರದಿತ್ತು?"

"ಹೆಸರು ಇರಲಿಲ್ಲ."

"ಹಂಗಾರ ಅದು ಎಲಿ ಪೈಕಿನ ಆತು," ಎಂದು ಅವರು ದೂರು ಪುಸ್ತಕವನ್ನು ಕಪಾಟಿಗೆ ಇಟ್ಟರು.

ಹಾನಗಲ್ಲಿಗೆ ಹೋಗುವ ಮುಂದಿನ ಬಸ್ಸು ಹಿರೇಕೆರೂರಿಗೆ ಹೋಗುವವರಿಂದ ತುಂಬಿತ್ತು. ಬಂಕಾಪುರದವರೆಗೆ ಒಂಟಿ ಕಾಲಿನ ಮೇಲೆ ನಿಂತು, ಸಂಜೆಯ ಹೊತ್ತಿಗೆ ಹಾನಗಲ್ಲಿನ ಎಲೆ ಅಂಗಡಿಯನ್ನು ತಲುಪಿದೆ. ವ್ಯಾಪಾರಿಯು ತೆಳ್ಳನೆಯ, ಯಾವುದಕ್ಕೂ ಅಚ್ಚರಿಪಡದ ಮನುಷ್ಯ. ನನ್ನ ಬುಟ್ಟಿಯ ವಿಷಯ ಎತ್ತುತ್ತಲೇ ಅವರ ಮುಖದಲ್ಲಿ ನೊಂದ ಭಾವ ಬಂತು.

"ನಿಮ್ಮದೇನ್ರಿ ಅದು? ಎಲಿ ಬಂದಾವಂತ ತಗದ್ರ ಬರೇ ಕಾಗದಾ. ನಾ ಏನು ಮಾಡ್ಲಿ, ಸುಣ್ಣಾ ಹಚ್ಚಿ ಮಾರ್ಲಿ? ವಾಪಸ್ ಹಾಕಿದ್ನಿ."

"ಎಲ್ಲಿಗೆ?"

"ಎಲಿ ಬುಟ್ಟಿ ಎಲ್ಲಿಂದ ಬರ್ತಾವೋ ಅಲ್ಲಿಗೆ. ಸವಣೂರಿಗೆ."

"ಬಿಚ್ಚಿ ನೋಡಿದ್ರಲ್ಲ, ಎಲಿ ಅಲ್ಲಂತ ಗೊತ್ತಾಗಿತ್ತಲ್ಲ?"

"ಗೊತ್ತಾತು, ಅದಕ್ಕ ವಾಪಸ್ ಹಾಕಿದ್ನಿರಿ. ಎಲಿ ಇದ್ದಿದ್ರ ಯಾಕ ಹಾಕ್ತಿದ್ನಿ?"

ಈ ತರ್ಕದಲ್ಲಿ ಬಿರುಕು ಎಲ್ಲಿದೆ ಎಂದು ನಾನು ಆ ಊರಿನ ದೂರದ ನೆಂಟರ ಮನೆಯಲ್ಲಿ ಮಲಗಿ ಯೋಚಿಸಿದೆ. ಶುಕ್ರವಾರ ಮುಂಜಾನೆ ಸವಣೂರಿಗೆ ಹೊರಟಾಗಲೂ ಸಿಕ್ಕಿರಲಿಲ್ಲ. ಯಂತ್ರದ ಗಂಟೆಗೆ ಇನ್ನು ಒಂದು ಹಗಲು ಮಾತ್ರ ಉಳಿದಿತ್ತು.

ಸವಣೂರಿನ ಎಲೆ ಪೇಟೆಯಲ್ಲಿ ಎಣಿಕೆಯ ಕೆಲಸ ಹೆಂಗಸರದು. ತಗಡಿನ ಚಪ್ಪರದ ಕೆಳಗೆ ಸಾಲಾಗಿ ಕುಳಿತು, ಬೆರಳ ಸಂದಿಗೆ ಐದೈದು ಎಲೆ ಸಿಕ್ಕಿಸಿಕೊಂಡು, ನೂರಕ್ಕೊಂದು ಕಟ್ಟು ಕಟ್ಟುತ್ತಾರೆ. ಎಣಿಸುವಾಗ ಬಾಯಿ ಊರಿನ ಸುದ್ದಿ ಮಾತಾಡುತ್ತಿರುತ್ತದೆ, ಕೈ ತಪ್ಪುವುದಿಲ್ಲ. ಅಂದು ಅವರ ನಡುವೆ ನನ್ನ ಕಾರ್ಡುಗಳಿದ್ದವು. ಮೂವತ್ತು ಕಟ್ಟು, ಬಾಳೆ ನಾರಿನಿಂದ ಬಿಗಿದು, ತಾವರೆಯ ಎಸಳುಗಳಂತೆ ವೃತ್ತಾಕಾರವಾಗಿ ಬುಟ್ಟಿಯಲ್ಲಿ ಜೋಡಿಸಿದ್ದವು. ಯಾವ ಗಣಕ ಕೇಂದ್ರದಲ್ಲೂ ನಾನು ಅಷ್ಟು ಅಂದವಾಗಿ ಇಟ್ಟ ಕಾರ್ಡುಗಳನ್ನು ಕಂಡಿಲ್ಲ. ಕಣ್ಣು ತುಂಬಿ ಬಂತು. ಒಂದು ಕಟ್ಟನ್ನು ಎತ್ತಿ ಅಂಚನ್ನು ಸವರಿ ನೋಡಿದೆ. ಇನ್ನೊಂದನ್ನು ನೋಡಿದೆ. ಒಂದರಲ್ಲೂ ಕೆಂಪು ಚುಕ್ಕೆಯಿರಲಿಲ್ಲ.

"ಕೆಂಪು ಗುರುತಿದ್ದವು ಎಲ್ಲೆ ಅದಾವ್ರಿ?"

ಸಾಲಿನ ತುದಿಯಲ್ಲಿದ್ದ ಹಿರಿಯಾಕೆ ತಲೆ ಎತ್ತಿದರು. ಮೂಗಿಗೆ ದೊಡ್ಡ ನತ್ತು, ಮಡಿಲಲ್ಲಿ ಒದ್ದೆ ಎಲೆ. ಚಪ್ಪರದ ಕೆಳಗೆ ಅವರ ಮಾತೇ ಕೊನೆಯ ಮಾತೆಂಬುದು ಉಳಿದವರು ಸುಮ್ಮನಾದ ರೀತಿಯಲ್ಲೇ ತಿಳಿಯುತ್ತಿತ್ತು.

"ತಗದ್ವಿ."

"ಯಾಕ ತಗದ್ರಿ?"

"ವಾಪಸ್ ಬಂದ ಮಾಲು ಅದು. ವಾಪಸ್ ಬಂದದ್ದನ್ನ ಬಿಚ್ಚತೇವಿ, ಗುರುತಿದ್ದದ್ದು ತಗೀತೇವಿ, ಅದರ ಜಾಗಾಕ್ಕ ಚಲೋದು ಹಾಕಿ ನೂರು ಮಾಡಿ ಕಟ್ಟತೇವಿ. ಹಾನಗಲ್ಲಾಂವ ಗುರುತು ಹಾಕಿ ಕಳಿಸ್ಯಾನ, ತಗದೇವಿ."

"ಗುರುತು ಹಾಕಿದಾಕಿ ನಾನು."

"ನಿಮ್ಮ ಮಾಲಿಗೆ ನೀವ ಗುರುತು ಹಾಕೀರಿ, ಈಗ ನಮ್ಮ ಮ್ಯಾಲ ಬಂದೀರಿ."

"ಇವು ಎಲಿ ಅಲ್ಲರಿ, ಕಾಗದಾ."

"ಕಣ್ಣು ಅದಾವ ನಮಗ. ಕಾಗದಂತ ತೊಂಬತ್ತೆಂಟಕ್ಕ ನೂರು ಅನ್ನಾಕ ಬರ್ತೈತೇನು?"

ತೆಗೆದವುಗಳ ಜಾಗಕ್ಕೆ ಏನನ್ನು ಹಾಕಿದರೆಂದು ಕೇಳಿದೆ. ಬುಟ್ಟಿಯ ತಳದ ಗಂಟನ್ನು ಬಳಸಿದ್ದರು. "ಐದು ನೂರಾಗ ಒಂದಕ್ಕೂ ಕಲಿ ಇರಲಿಲ್ಲ ನೋಡ್ರಿ," ಎಂದು ಹಿರಿಯಾಕೆ ಮೊದಲ ಬಾರಿಗೆ ಮೆಚ್ಚಿಗೆಯಿಂದ ಹೇಳಿದರು. "ಅಂಥಾ ಮಾಲು ನಾನರೆ ನೋಡಿಲ್ಲ."

ಹೀಗೆ ನನ್ನ ಮೂವತ್ತು ಕಟ್ಟುಗಳಲ್ಲಿ ಈಗ ಸಾವಿಲ್ಲದ ವಿಶ್ವವೊಂದು ನೆಲೆಸಿತ್ತು. ಇದನ್ನೇ ಯಂತ್ರಕ್ಕೆ ಉಣಿಸಿದ್ದರೆ ಶ್ವೇತ ಕುಬ್ಜಗಳೆಂಬವು ಎಲ್ಲಿಯೂ ಇಲ್ಲವೆಂದು ನಾನು ಗಣಿತದ ಸಮೇತ ಸಾಧಿಸುತ್ತಿದ್ದೆ.

ಆಗ ನಾನು ಮಾತಾಡಿದೆ. ಶ್ರಮದ ಘನತೆಯಿಂದ ಆರಂಭಿಸಿ, ಪ್ರತಿ ಕಾರ್ಡೂ ಒಂದು ಜೋಡಿ ನಕ್ಷತ್ರ, ಅವರ ಮಾತಿನಲ್ಲಿ ಚಿಕ್ಕಿ, ಎಂದು ವಿವರಿಸಿ, ಪರರ ವಸ್ತುವನ್ನು ಕೇಳದೆ ತಿದ್ದುವ ಹಕ್ಕು ಯಾರಿಗೂ ಇಲ್ಲವೆಂಬುದನ್ನು ಸ್ಥಾಪಿಸಿ, ಹೊಣೆಗೇಡಿತನವು ನಮ್ಮ ಸಾರ್ವಜನಿಕ ಜೀವನವನ್ನು ಹೇಗೆ ತಿನ್ನುತ್ತಿದೆ ಎಂಬಲ್ಲಿಗೆ ಮುಟ್ಟಿದೆ. ಹದಿನಾಲ್ಕು ಮಂದಿಯೂ ಕೇಳಿದರು. ಕೇಳುತ್ತಲೇ ಏಳು ಕಟ್ಟು ಕಟ್ಟಿದರು. ಮುಗಿದ ಮೇಲೆ ಹಿರಿಯಾಕೆ ಬದಿಯಲ್ಲಿದ್ದ ಸಣ್ಣ ಬುಟ್ಟಿಯ ಮೇಲಿನ ಒದ್ದೆ ಗೋಣಿಯನ್ನು ಸರಿಸಿದರು. ನನ್ನ ಕೆಂಪು ಚುಕ್ಕೆಯ ಕಾರ್ಡುಗಳು ಅಲ್ಲಿದ್ದವು, ನಾಲ್ಕು ನೂರಕ್ಕೂ ಚೂರು ಹೆಚ್ಚು. ಮೇಲಿನ ಕೆಲವು ಮೆತ್ತಗಾಗಿದ್ದವು.

"ಹೊಣಿ ಕೇಳಿದ್ರಲ್ಲ. ತಗದದ್ದನ್ನ ಎಲ್ಲೂ ಚೆಲ್ಲಂಗಿಲ್ಲ ನಾವು. ಮಾಲೀಕರು ಬಂದು ನೋಡೂತನಾ ಇಡತೇವಿ. ಇದ ನಮ್ಮ ಹೊಣಿ."

ನಾನು ಅವನ್ನು ಮರಳಿ ಕಟ್ಟುಗಳಿಗೆ ಸೇರಿಸಿ ನೀಲಿ ಅಂಚಿನವನ್ನು ಹೊರತೆಗೆಯಿರಿ ಎಂದು ಬೇಡಿಕೊಂಡೆ. ಮೂರೂವರೆ ಸಾವಿರ ಕಾರ್ಡು; ನಾನೊಬ್ಬಳೇ ಕುಳಿತರೆ ಸಂಜೆಯ ಹುಬ್ಬಳ್ಳಿ ಬಸ್ಸು ತಪ್ಪುವುದು ಖಂಡಿತ. ಆದರೆ ಆಕೆ ತಲೆ ಅಲ್ಲಾಡಿಸಿದರು.

"ನಾ ಬ್ಯಾಡಂತ ತಗದದ್ದನ್ನ ನಾನ ಕಟ್ಟಿನ್ಯಾಗ ಹಾಕೂದಿಲ್ಲ ತಂಗಿ. ನನ್ನ ಕೈ ಕೆಡತೈತಿ."

"ಅವು ಚಲೋ ಅದಾವ್ರಿ. ಅವ ಬೇಕಾದದ್ದು ನನಗ."

"ಚಲೋ ಅದಾವಂದ್ರ ಅಗದು ತೋರಸ್ರಿ."

ಪೇಟೆಯ ಪದ್ಧತಿ ಹಾಗಿತ್ತು. ಎಣಿಸುವವರು ಕೆಟ್ಟದ್ದೆಂದು ತೆಗೆದ ಎಲೆಯನ್ನು ಮಾಲೀಕ ಒಳ್ಳೆಯದೆಂದು ವಾದಿಸಿದರೆ, ಆ ರಾಶಿಯಿಂದ ಒಂದನ್ನು ಎತ್ತಿ ಎಲ್ಲರ ಎದುರು ಅಗಿದು ನುಂಗಬೇಕು. ನುಂಗಿದರೆ ರಾಶಿ ಮರಳಿ ಕಟ್ಟಿಗೆ, ಅಲ್ಲಿಂದ ಮುಂದೆ ಎಲ್ಲ ಹೊಣೆಯೂ ಮಾಲೀಕನದು. ಉಗುಳಿದರೆ ಎಣಿಸಿದಾಕೆಯ ಮಾತೇ ಸರಿ. ನಾನು ವಿಶ್ವವಿದ್ಯಾಲಯದ ಹಲವು ಸಮಿತಿಗಳ ನಿಯಮಾವಳಿಗಳನ್ನು ಓದಿ ಖಂಡಿಸಿದ್ದೇನೆ. ಇಷ್ಟು ಚಿಕ್ಕದಾದ, ಇಷ್ಟು ಸೋರದ ನಿಯಮವನ್ನು ಎಲ್ಲಿಯೂ ಕಂಡಿರಲಿಲ್ಲ.

"ಇದು ಕಾಗದಾರಿ," ಎಂದೆ ಇನ್ನೊಮ್ಮೆ, ಈ ಸಲ ಕ್ಷೀಣವಾಗಿ.

"ಪೂರಾ ಬ್ಯಾಡ. ಒಂದು ಮೂಲಿ ಸಾಕು. ನೀವು ಹೊಸಬ್ರು."

ಮೇಲಿನ ಪದರದಿಂದ, ಮೆತ್ತಗಾದ ಒಂದನ್ನು ಆರಿಸಿದೆ. ಅದರ ಮೇಲಂಚಿನ ಬಲಮೂಲೆಯನ್ನು ಕಚ್ಚಿದೆ. ದಪ್ಪ ಕಾಗದ ಬೇಗನೆ ಸೋಲುವುದಿಲ್ಲ. ಅದು ಹಲ್ಲಿನ ನಡುವೆ ಉಂಡೆಯಾಗುತ್ತದೆ, ಕೆನ್ನೆಗೆ ಅಂಟುತ್ತದೆ, ಮಸಿಯ ಒಗರನ್ನು ನಾಲಿಗೆಗೆ ಬಿಡುತ್ತದೆ. ಹದಿನಾಲ್ಕು ಜೊತೆ ಕೈಗಳು ನಿಂತಿದ್ದವು. ಭಾಷಣಕ್ಕೆ ನಿಲ್ಲದ ಕೈಗಳು ನನ್ನ ದವಡೆಗೆ ನಿಂತವು. ನಾನು ನುಂಗಿದೆ.

"ಹೆಂಗೈತ್ರಿ ಅಕ್ಕಾರ ಚಿಕ್ಕಿ?" ಎಂದು ಸಾಲಿನ ನಡುವಿನ ಒಬ್ಬಾಕೆ ಕೇಳಿದಳು.

"ಸಪ್ಪಗೈತಿ."

"ಒಂದು ಹೋಳು ಅಡಕಿ ಕೊಡ್ಲೇನು?"

ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ನೀಲಿ ಅಂಚುಗಳು ಹೊರಬಂದವು, ಕೆಂಪು ಚುಕ್ಕೆಗಳು ಒಳಸೇರಿದವು, ಮೂವತ್ತು ಕಟ್ಟುಗಳು ಮತ್ತೆ ಬಿಗಿದುಕೊಂಡವು. ಹಿರಿಯಾಕೆ ಗೋಣಿತಟ್ಟನ್ನು ತಾವೇ ಹೊಲಿದು, ಬುಟ್ಟಿಯನ್ನು ನನ್ನ ಕೈಗಿತ್ತರು.

"ಇನ್ನ ಇದು ನಿಮ್ಮ ಕಟ್ಟು. ಧಾರವಾಡದಾಗ ಏನರೆ ಕೆಟ್ಟದ್ದು ಬಂತಂದ್ರ ಸವಣೂರಿನ ಹೆಸರು ತಗೀಬ್ಯಾಡ್ರಿ."

ಶನಿವಾರ ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಗಣಕ ಕೇಂದ್ರದ ಬಾಗಿಲಲ್ಲಿದ್ದೆ. ಯಂತ್ರ ನಡೆಸುವವರು ಹಿರೇಕೆರೂರು ಕಡೆಯ ಮಾಸೂರಿನವರು. ಬಾಳೆ ನಾರು ಬಿಚ್ಚುತ್ತ, ಇಷ್ಟು ಸರಿಯಾದ ನೂರುಗಳು ಈ ಕಟ್ಟಡಕ್ಕೆ ಬಂದೇ ಇಲ್ಲ ಎಂದರು. ಮೆತ್ತಗಾದ ಕಾರ್ಡುಗಳನ್ನು ಮೇಲಂಚಿನ ಅಂಕಿ ಓದಿ ಹೊಸದಾಗಿ ಕೊರೆದುಕೊಟ್ಟರು. ಆಮೇಲೆ ಒಂದನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದರು.

"ಇದನ್ನ ಇಲಿ ಕಡದಾವೇನ್ರಿ?"

ಹೌದು ಎಂದರೆ ಮುಗಿಯುತ್ತಿತ್ತು. ಇಲಿಯ ಮೇಲೆ ಯಾರೂ ವಿಚಾರಣೆ ನಡೆಸುವುದಿಲ್ಲ. ಆ ಒಂದು ಕ್ಷಣದಲ್ಲಿ ನಾನು ನಾಡಿನ ಎಲ್ಲ ಕಚೇರಿಗಳನ್ನೂ, ಅಲ್ಲಿ ಕುಳಿತವರೆಲ್ಲರನ್ನೂ ಅರ್ಥ ಮಾಡಿಕೊಂಡೆ.

"ನಾನು ಕಡದೇನಿ," ಎಂದೆ.

"ಹಸಿವಿ ಆಗಿತ್ತೇನ್ರಿ."

"ಇಲ್ಲ. ಖರೇ ಮಾಡಿ ತೋರಿಸಬೇಕಾಗಿತ್ತು."

ಅವರು ಮುಂದೆ ಕೇಳಲಿಲ್ಲ. ಮಾಸೂರಿನವರಿಗೆ ಎಲೆ ಪೇಟೆಯ ಪದ್ಧತಿ ಹೊಸದಲ್ಲ. ಆದರೆ ಆ ಕಾರ್ಡನ್ನು ಕೊರೆಯಲೂ ಆಗಲಿಲ್ಲ. ಕೊನೆಯ ಅಂಕಣಗಳು, ಅಂದರೆ ಆ ಎರಡು ನಕ್ಷತ್ರಗಳು ಒಂದನ್ನೊಂದು ಒಮ್ಮೆ ಸುತ್ತಲು ತೆಗೆದುಕೊಳ್ಳುವ ಕಾಲ, ನನ್ನ ಹೊಟ್ಟೆಯಲ್ಲಿದ್ದವು. ಉಳಿದ ಎಲ್ಲವನ್ನೂ ಯಂತ್ರ ನುಂಗಿತು. ಹನ್ನೆರಡಕ್ಕೆ ಮೂರು ನಿಮಿಷವಿರುವಾಗ ಉದ್ದನೆಯ ಕಾಗದ ಹೊರಬಂತು: ಎರಡು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಜೋಡಿಗಳು, ಅವುಗಳಲ್ಲಿ ಕುಬ್ಜವಿದ್ದವು ಇಷ್ಟು, ಒಂದರ ಹೊರತಾಗಿ ನನ್ನ ಕೈ ಎಣಿಕೆಗೆ ಸರಿಯಾಗಿ ಹೊಂದುತ್ತಿದ್ದವು.

ಮಾರ್ಗದರ್ಶಕರು ಮೃದು ಸ್ವಭಾವದವರು. ಕರಡು ಪ್ರಬಂಧವನ್ನು ಓದುತ್ತ, ಆ ಒಂದು ಜೋಡಿ ಎಲ್ಲಿ ಹೋಯಿತೆಂದು ಬರೆದಿದ್ದಲ್ಲಿಗೆ ಬಂದು ನಿಂತರು. ನಾನು ನಡೆದದ್ದನ್ನು ನಡೆದಂತೆ ಬರೆದಿದ್ದೆ. ಅವರು ಅದನ್ನು ಹೊಡೆದುಹಾಕಿ "ಸಾಗಣೆಯಲ್ಲಿ ನಷ್ಟ" ಎಂದು ಬರೆದರು.

"ಹಾಗೆ ಬರೆದರೆ ತಪ್ಪು ಬಸ್ಸಿನವರ ಮೇಲೆ ಬರುತ್ತದೆ, ಸರ್. ಸಾಗಣೆಯಲ್ಲಿ ಒಂದೂ ನಷ್ಟವಾಗಿಲ್ಲ. ಬುಟ್ಟಿಯನ್ನು ಕಳಿಸಿದಲ್ಲಿಗೆಲ್ಲ ಅವರು ಸರಿಯಾಗಿ ಮುಟ್ಟಿಸಿದ್ದಾರೆ."

"ಹಾಗಾದರೆ 'ಕಾರ್ಡು ದೋಷಯುಕ್ತ' ಎನ್ನೋಣ."

"ದೋಷ ಇರಲಿಲ್ಲ, ಸರ್. ನಾನು ತಿಂದು ನೋಡಿದ್ದೇನೆ."

ಅವರು ಕನ್ನಡಕ ತೆಗೆದು ಒರೆಸಿದರು. ಒಂದು ವಾರ ವಾಕ್ಯಗಳು ನಮ್ಮ ನಡುವೆ ಓಡಾಡಿದವು. ಕಡೆಗೆ ಇಬ್ಬರೂ ಒಪ್ಪಿದ್ದು ಇದು: "ಶ್ವೇತ ಕುಬ್ಜವಿದ್ದ ಒಂದು ಜೋಡಿಯ ಮಾಹಿತಿಯು ಸಂಶೋಧಕಿಯ ಸ್ವಂತ ಕೃತ್ಯದಿಂದ ನಾಶವಾಗಿರುವುದರಿಂದ ಎಣಿಕೆಯಲ್ಲಿ ಸೇರಿಲ್ಲ."

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಪರೀಕ್ಷಕರು ಇಡೀ ಪ್ರಬಂಧದಲ್ಲಿ ಪೆನ್ನಿನಿಂದ ಗೆರೆ ಎಳೆದಿದ್ದುದು ಆ ವಾಕ್ಯದ ಕೆಳಗೆ ಮಾತ್ರ.

"ಸ್ವಂತ ಕೃತ್ಯ ಎಂದರೆ ಏನು?"

"ತಿಂದೆ, ಸರ್."

ಮಾರ್ಗದರ್ಶಕರು ಕಿಟಕಿಯ ಆಚೆ ನೋಡಿದರು. ಪರೀಕ್ಷಕರು ಪುಟವನ್ನು ಹಿಂದಕ್ಕೆ ತಿರುವಿ, ಕಾರ್ಡಿನ ಅಂಕಣಗಳ ವಿವರವಿದ್ದ ಕೋಷ್ಟಕದ ಮೇಲೆ ಬೆರಳಿಟ್ಟರು.

"ಎಷ್ಟನೆಯ ಅಂಕಣದಿಂದ?"

"ಎಪ್ಪತ್ತಮೂರರಿಂದ ಎಂಬತ್ತರವರೆಗೆ."

ಅವರು ಅದನ್ನು ಅಂಚಿನಲ್ಲಿ ಬರೆದುಕೊಂಡು, ನನ್ನ ಪ್ರಬಂಧವನ್ನು ಅಂಗೀಕರಿಸುವ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡರು.